ಬೀಗರು ಕೊಟ್ಟ ಪಂಪು

ಸಿಂಧಘಟ್ಟದ ಹೊನ್ನಪ್ಪನ ಬಾಯಿ ಎರಡು ಕೆಲಸದಲ್ಲಿ ಗಟ್ಟಿ. ಟ್ರಾಕ್ಟರಿನ ಟ್ಯಾಂಕಿಗೆ ಬಿಟ್ಟ ಪೈಪನ್ನು ಕಚ್ಚಿ ಒಂದೇ ಉಸಿರಿಗೆ ಡೀಸೆಲ್ ಎಳೆಯುವುದು ಒಂದು. ಅದು ಊರಿಗೆಲ್ಲ ಗೊತ್ತು. ಉಣ್ಣಲು ಕೂತಾಗ ಹೆಂಡತಿಯ ಸಾರಿಗೆ ಹೆಸರಿಡುವುದು ಇನ್ನೊಂದು. ಅದು ಮನೆಯೊಳಗಿನ ಸುದ್ದಿ. ಈ ಎರಡಕ್ಕೂ ನಂಟಿದೆ ಎಂದು ತಿಳಿಯಲು ಅವನ ಹೆಂಡತಿ ಸೋಮಮ್ಮನಿಗೆ ತೊಂಬತ್ತೈದನೇ ಇಸವಿಯ ಗೌರಿ ಹಬ್ಬದಿಂದ ಹಿಡಿದು ಮಾರ್ಗಶಿರ ಬರುವವರೆಗೆ ಬೇಕಾಯಿತು.

ಹೊನ್ನಪ್ಪನ ಕಬ್ಬಿನ ಗದ್ದೆ ಕೆರೆಯ ನೀರು ಹರಿಯುವ ಮಟ್ಟಕ್ಕಿಂತ ಮೇಲಿತ್ತು. ಬಾವಿಯ ನೀರೇ ಗತಿ. ಕರೆಂಟು ಬಂದರೆ ಬಂತು, ಬರದಿದ್ದರೆ ಆಯಿಲ್ ಇಂಜಿನ್ನು ಓಡಿಸಬೇಕು. ಇಂಜಿನ್ನಿಗೆ ಬೇಕಾದ ಡೀಸೆಲ್ಲನ್ನು ಕೆ.ಆರ್. ಪೇಟೆಯ ಬಂಕಿನಿಂದ ಕ್ಯಾನಿನಲ್ಲಿ ತರಬಹುದಿತ್ತು. ಹೊನ್ನಪ್ಪನ ಲೆಕ್ಕಾಚಾರವೇ ಬೇರೆ. "ಟ್ರಾಕ್ಟರೇ ದೊಡ್ಡ ಕ್ಯಾನು ಕಣ್ರಲಾ. ಅದು ತಾನೇ ನಡ್ಕಂಡು ಬಂಕಿಗೆ ಓಗ್ತದೆ, ತಾನೇ ತುಂಬ್ಕಂಡು ಬತ್ತದೆ. ನಾನ್ಯಾಕೆ ಕ್ಯಾನು ಒರ್ಲಿ?" ಎನ್ನುವನು. ಹಾಗಾಗಿ ದಿನಾ ಬೆಳಿಗ್ಗೆ, ಹಲ್ಲುಜ್ಜಿ ಕಾಫಿ ಕುಡಿದವನೇ ಕೊಟ್ಟಿಗೆಯ ಗೂಟದಿಂದ ಹಸಿರು ಪೈಪು ಇಳಿಸುವನು. ಒಂದು ತುದಿ ಟ್ಯಾಂಕಿಗೆ, ಇನ್ನೊಂದು ತುದಿ ಬಾಯಿಗೆ. ಕೆನ್ನೆ ಒಳಕ್ಕೆ ಹೋಗುವುದು, ಕಣ್ಣು ಹೊರಕ್ಕೆ ಬರುವುದು, ಡೀಸೆಲ್ಲು ಕ್ಯಾನಿಗೆ ಇಳಿಯುವುದು. ಬಾಯಿಗೆ ಬಂದ ಗುಟುಕನ್ನು ಬೇಲಿಗೆ ಉಗಿದು, ಸುತ್ತ ಯಾರಾದರೂ ನೋಡುತ್ತಿದ್ದಾರಾ ಎಂದು ಒಮ್ಮೆ ಕಣ್ಣು ಹಾಯಿಸುವನು. ನೋಡುವವರು ಇದ್ದೇ ಇರುತ್ತಿದ್ದರು. ಆ ವರ್ಷ ಬೀದಿಯಲ್ಲಿ ಇನ್ನೂ ಮೂರು ಇಂಜಿನ್ನುಗಳು ಬಂದಿದ್ದವು. ಮೂವರಿಗೂ ಎಳೆದುಕೊಡುವ ಭಾರ ಹೊನ್ನಪ್ಪನದೇ. ಒಬ್ಬರಿಗೂ ಇಲ್ಲ ಎಂದವನಲ್ಲ.

ಹೀಗೆ ನಾಲ್ಕು ಟ್ಯಾಂಕು ಎಳೆದು ಬಂದು ಉಣ್ಣಲು ಕೂರುತ್ತಿದ್ದವನು ಒಂದು ದಿನ ತುತ್ತು ನುಂಗಿ ತಲೆ ಎತ್ತಿದ.

"ಲೇ, ಉಪ್ಪು ಆಕೋದ ಮರ್ತಾ?"

"ಆಕಿದ್ದೀನಲ್ಲ."

"ಎಲ್ಲಿಗೆ ಆಕ್ದೆ, ಒಲೆಗಾ?"

ಸೋಮಮ್ಮ ಉಪ್ಪಿನ ಮರಿಗೆ ತಂದಿಟ್ಟಳು. ಮಾರನೆಯ ದಿನ ಒಂದು ಚಿಟಿಕೆ ಹೆಚ್ಚು ಹಾಕಿದಳು. ಆಗಲೂ ಸಾಲಲಿಲ್ಲ. ಅದರ ಮಾರನೆಯ ದಿನ ಇನ್ನೊಂದು ಚಿಟಿಕೆ. ಆ ದಿನ ಮಗಳು ಪವಿತ್ರ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟವಳು ಅಲ್ಲೇ ತಡೆದಳು.

"ಅವ್ವ, ಸಾರಲ್ಲಿ ಯಾರಾದ್ರೂ ಉಪ್ಪಿನ ಮೂಟೆ ತೊಳುದ್ರಾ?"

"ನಿಮ್ಮಪ್ಪಂಗೆ ಇನ್ನೂ ಸಾಲ್ದಂತೆ, ಕೇಳು."

ಅಲ್ಲಿಂದಾಚೆಗೆ ಸೋಮಮ್ಮ ಎರಡು ಪಾತ್ರೆ ಮಾಡಿದಳು. ಒಗ್ಗರಣೆ ಹಾಕಿದ ಮೇಲೆ ಎರಡು ಸೌಟು ಸಾರನ್ನು ಬೇರೆ ಕುಡಿಕೆಗೆ ತೆಗೆದು ಅದಕ್ಕೆ ಮೇಲೆ ಉಪ್ಪು, ಮೇಲೆ ಹುಣಸೆಹಣ್ಣು, ಮೇಲೆ ಖಾರದ ಪುಡಿ. ಆ ಕುಡಿಕೆಗೆ ಪವಿತ್ರ 'ಅಪ್ಪನ ಕುಡಿಕೆ' ಎಂದು ಹೆಸರಿಟ್ಟಳು. ಬೆಕ್ಕು ಕೂಡ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಹೊನ್ನಪ್ಪ ಮಾತ್ರ ಅದನ್ನೂ ಉಂಡು, "ಊಂ, ಪರ್ವಾಗಿಲ್ಲ, ಒಸಿ ಸಪ್ಪೆ," ಎಂದು ಏಳುವನು.

ನಗುವ ವಿಷಯವೇನೋ ಹೌದು, ಆದರೆ ಸೋಮಮ್ಮನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಆ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಯಾವ ಮನೆಯಲ್ಲಿ ಒಸಗೆಯಾಗಲಿ, ನಾಮಕರಣವಾಗಲಿ, ಒಲೆಯ ಮುಂದೆ ಕೂರಲು ಅವಳಿಗೆ ಕರೆ ಬರುತ್ತಿತ್ತು. ಅದರಲ್ಲೂ ಅವಳ ಇದುಕಿದವರೆ ಸಾರು. ಸೊಗಡಿನ ಅವರೆಕಾಯಿ ಬಿಡಿಸಿ, ಕಾಳು ನೆನೆಹಾಕಿ, ಒಂದೊಂದನ್ನೇ ಬೆರಳಲ್ಲಿ ಹಿಸುಕಿ ಸಿಪ್ಪೆ ತೆಗೆದು ಮಾಡುವ ಸಾರು. ಅವಳ ಅತ್ತೆ ಬದುಕಿರುವವರೆಗೆ ಯಾರನ್ನೂ ಹೊಗಳಿದವಳಲ್ಲ. ಮದುವೆಯಾಗಿ ಬಂದ ವರ್ಷ ಸೋಮಮ್ಮ ಆ ಸಾರು ಮಾಡಿದ ದಿನ ಮಾತ್ರ, ಉಂಡು ಮುಗಿಸಿ, ಮುಖ ಗೋಡೆಯ ಕಡೆ ತಿರುಗಿಸಿಕೊಂಡು, ತಟ್ಟೆಯನ್ನು ಮುಂದಕ್ಕೆ ತಳ್ಳಿ, ಎರಡನೇ ಮುದ್ದೆ ಇಡಿಸಿಕೊಂಡಿದ್ದಳು. ಒಂದು ಮಾತೂ ಇಲ್ಲ. ಸೋಮಮ್ಮನ ಪಾಲಿಗೆ ಅದಕ್ಕಿಂತ ದೊಡ್ಡ ಬಿರುದು ಇನ್ನೊಂದಿರಲಿಲ್ಲ. ಆ ಕೈ ಈಗ ಕೆಟ್ಟಿತೇ?

ಪಕ್ಕದ ಮನೆಯ ಚಿಕ್ಕಬೋರಮ್ಮನನ್ನು ಕರೆದು ರುಚಿ ನೋಡಿಸಿದಳು. ಚಿಕ್ಕಬೋರಮ್ಮ ಒಂದು ಬಟ್ಟಲು ಸಾರು ಕುಡಿದು, ಇನ್ನೊಂದು ಬಟ್ಟಲು ಕೇಳಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಎಂಗದೆ ಏಳು."

"ಚೆಂದಾಗದೆ ಕಣಕ್ಕ. ಇನ್ನೇನ್ ಏಳ್ಲಿ, ಬಟ್ಲು ನೆಕ್ಕಿ ತೋರಿಸ್ಬೇಕಾ?"

"ನೀನು ನನ್ನ ಮಕ ನೋಡಿ ಏಳ್ತೀಯ."

"ನಿನ್ನ ಮಕ ನೋಡಿ ಯಾರಿಗಕ್ಕ ಸಾರು ರುಚಿ ಅನ್ಸಾದು? ಬೆಳಗಿಂದ ಉರ್ಕಂಡು ಕೂತಿದ್ದೀಯ."

ಸೋಮಮ್ಮ ನಕ್ಕಳು, ಆದರೆ ನಂಬಲಿಲ್ಲ. ಗೆಳತಿಗೆ ಪ್ರೀತಿ, ಮಗಳಿಗೆ ಪ್ರೀತಿ. ಅವರು ಚೆನ್ನಾಗಿದೆ ಎನ್ನದೆ ಇನ್ನೇನು ಅಂದಾರು? ಸತ್ಯ ಹೇಳುವವನು ಗಂಡನೊಬ್ಬನೇ ಇರಬೇಕು ಎಂದು ಅವಳ ತಲೆಗೆ ಹೊಕ್ಕುಬಿಟ್ಟಿತ್ತು. ಬೇರೆ ಯಾವ ವಿಷಯದಲ್ಲೂ ಗಂಡನನ್ನು ಅಷ್ಟು ನಂಬಿದವಳಲ್ಲ.

ಆ ಹೊತ್ತಿಗೆ ಪವಿತ್ರಳಿಗೆ ನಾಗಮಂಗಲದ ಕಡೆಯಿಂದ ಗಂಡು ಕೂಡಿಬಂತು. ಹುಡುಗ ತಿಮ್ಮರಾಜು ಅಲ್ಲಿಯ ಹಾಲಿನ ಸಂಘದಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಬೇಸಾಯ, ಒಂದು ಟ್ರಾಕ್ಟರು. ಅವರು ಬಂದು ಹೆಣ್ಣು ನೋಡಿ ಒಪ್ಪಿದ್ದರು. ಇನ್ನು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿಕೊಂಡು ಬರಬೇಕು. ಆಮೇಲೆ ಸಂಕ್ರಾಂತಿ ಕಳೆದು ಸೋಮಮ್ಮನ ಮನೆಯಲ್ಲೇ ವೀಳ್ಯಶಾಸ್ತ್ರ. ಗಂಡಿನ ಕಡೆಯವರು ನಲವತ್ತು ಜನವಾದರೂ ಬರುವರು. ಅಂದಿನ ಅಡುಗೆ ತಾನೇ ಮಾಡಬೇಕು, ಇದುಕಿದವರೆ ಸಾರೇ ಆಗಬೇಕು ಎಂದು ಸೋಮಮ್ಮ ಮನಸ್ಸಿನಲ್ಲೇ ಒಲೆ ಹೂಡಿಯಾಗಿತ್ತು. ಪರರ ಮಕ್ಕಳ ಒಸಗೆಗೆಲ್ಲ ಬೇಯಿಸಿದ ಕೈ, ಹೆತ್ತ ಮಗಳ ಶಾಸ್ತ್ರಕ್ಕೆ ಬೇಯಿಸಬೇಡವೇ?

ಹೊನ್ನಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, ಮಳೆ ಸುದ್ದಿ ಹೇಳುವವನ ಹಾಗೆ ಹೇಳಿದ. "ಶಾಸ್ತ್ರದ ಅಡುಗೆಗೆ ಪಾಂಡವಪುರದೋರಿಗೆ ಏಳಿ ಬಂದಿದ್ದೀನಿ."

"ಯಾರಿಗೆ?"

"ಅಡುಗೆಯೋರಿಗೆ. ನಾಕು ಆಳು ಬತ್ತಾರೆ, ಪಾತ್ರೆ ಎಲ್ಲ ಅವರ್ದೇ. ನೀನು ರೇಷ್ಮೆ ಸೀರೆ ಉಟ್ಕಂಡು ಬೀಗಿತ್ತಿ ಪಕ್ಕ ಕೂತ್ಕೊ."

"ನಾನು ಮಾಡ್ತಿರ್ಲಿಲ್ವಾ?"

ಹೊನ್ನಪ್ಪ ಕೆಟ್ಟವನಲ್ಲ. ಎಲೆ ಮಡಿಸಿ, ಮಡಿಸಿದ್ದನ್ನು ಬಿಚ್ಚಿ, ಮತ್ತೆ ಮಡಿಸಿದ. "ನಿಂಗೂ ವಯಸ್ಸಾಯ್ತು. ಕೈ ಒಸಿ ಜಾರದೆ. ಮನೆಯೋರು ನಾವು, ಉಣ್ತೀವಿ. ಬೀಗರು ಉಣ್ಬೇಕಲ್ಲ."

ಸೋಮಮ್ಮ ಅಳುವವಳಲ್ಲ, ಜಗಳವಾಡುವವಳೂ ಅಲ್ಲ. ಕಾಳು ಹಿಸುಕುತ್ತಾ ಕೂತು ಅಭ್ಯಾಸವಾದವಳು. ಒಂದೊಂದೇ ಕಾಳು ಹಿಸುಕಿದರೂ ಸೇರು ತುಂಬುತ್ತದೆ ಎಂದು ಗೊತ್ತು. "ಮೊದ್ಲು ಗಂಡಿನ ಮನೆ ನೋಡ್ಕಂಡು ಬರಾನ. ಅಡುಗೆ ಮಾತು ಆಮ್ಯಾಕೆ," ಎಂದಳು.

ಮಾರ್ಗಶಿರದ ಒಂದು ಒಳ್ಳೆಯ ದಿನ ಹೊರಟರು. ಸೋಮಮ್ಮನ ತಮ್ಮ ದೇವರಾಜು ತನ್ನ ಜೀಪು ತಂದಿದ್ದ. ಜೊತೆಗೆ ಹೆಂಗಸೊಬ್ಬಳು ಇರಲಿ ಎಂದು ಚಿಕ್ಕಬೋರಮ್ಮನನ್ನೂ ಕೂರಿಸಿಕೊಂಡರು. ಹೊನ್ನಪ್ಪ ಗಂಜಿ ಹಾಕಿದ ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ಜರಿ ಅಂಚಿನ ವಲ್ಲಿ ಹಾಕಿ ಮುಂದಿನ ಸೀಟಿನಲ್ಲಿ ಕೂತ. ಮೇಲುಕೋಟೆ ದಾಟಿ ನಾಗಮಂಗಲದ ದಾರಿಯಲ್ಲಿ ಒಂದಷ್ಟು ದೂರ ಹೋದ ಮೇಲೆ ಜೀಪು ಎರಡು ಸಲ ಕೆಮ್ಮಿ ನಿಂತಿತು.

ದೇವರಾಜು ಮೀಟರು ತಟ್ಟಿದ. "ಅರ್ಧ ಟ್ಯಾಂಕು ತೋರಿಸ್ತಾ ಅದಲ್ಲ ಭಾವ."

"ಲೇ, ನಿನ್ನ ಮದ್ವೆ ದಿನದಿಂದ ಅದು ಅರ್ಧ ಟ್ಯಾಂಕೇ ತೋರಿಸ್ತಾ ಇರೋದು ಕಣ್ಲಾ."

ಅಷ್ಟರಲ್ಲಿ ರಾಗಿ ಹುಲ್ಲು ತುಂಬಿದ ಟ್ರಾಕ್ಟರೊಂದು ಬಂತು. ಅದರವನು ಒಳ್ಳೆಯವನು, ನಿಲ್ಲಿಸಿದ. "ಎಷ್ಟು ಬೇಕೋ ಇಳ್ಸ್ಕಳಿ. ಆದ್ರೆ ನಾನು ಬಾಯಿ ಆಕಲ್ಲ," ಎಂದ. ದೇವರಾಜು ಸೀಟಿನ ಅಡಿಯಿಂದ ಪೈಪು ತೆಗೆದು ಭಾವನ ಮುಖ ನೋಡಿದ. "ನಂಗೂ ಆಗಲ್ಲ ಭಾವ, ಒಟ್ಟೆ ತೊಳಸ್ತದೆ."

ಇಂಥ ಗಳಿಗೆಗಾಗಿಯೇ ಹುಟ್ಟಿದವನ ಹಾಗೆ ಹೊನ್ನಪ್ಪ ಕೆಳಗಿಳಿದ. ವಲ್ಲಿಯನ್ನು ಹೆಂಡತಿಯ ಕೈಗೆ ಕೊಟ್ಟ. ಪಂಚೆ ಎತ್ತಿ ಕಟ್ಟಿದ. ಒಂದೇ ಎಳೆತ. ಹೊಸ ಟ್ಯಾಂಕು, ಗೊತ್ತಿಲ್ಲದ ಪೈಪು. ಎಂದಿನ ಗುಟುಕಿನ ಬದಲು ಬಾಯಿ ತುಂಬ ಬಂತು. ರಸ್ತೆ ಬದಿಗೆ ಉಗಿದು, ಮೀಸೆ ಒರೆಸಿಕೊಂಡು, ಸೋಮಮ್ಮ ಕೊಟ್ಟ ನೀರಿನಲ್ಲಿ ಮುಕ್ಕಳಿಸಿ, ಎಲೆಅಡಿಕೆ ಹಾಕಿಕೊಂಡು ಜೀಪು ಹತ್ತಿದ. ಒಳಗಿದ್ದವರೆಲ್ಲ ಮೂಗಿಗೆ ಸೆರಗು, ಟವೆಲ್ಲು ಹಿಡಿದರು.

"ಒನ್ನಪ್ಪಣ್ಣ," ಎಂದಳು ಚಿಕ್ಕಬೋರಮ್ಮ, "ನೀವು ಬಾಯಿ ಮುಚ್ಕಂಡು ಕೂತ್ಕಳಿ. ದಾರೀಲಿ ಯಾರಾದ್ರೂ ಬೀಡಿ ಅಚ್ಕಂಡು ಬಂದ್ರೆ ಜೀಪೇ ಅತ್ಕತದೆ."

"ಯಾಕೆ, ಏನು ವಾಸ್ನೆ? ನಂಗೇನೂ ಬತ್ತಾ ಇಲ್ವಲ್ಲ," ಎಂದ ಹೊನ್ನಪ್ಪ. ತಮಾಷೆಗೆ ಹೇಳಿದ್ದಲ್ಲ. ನಿಜಕ್ಕೂ ಮೂಗು ಅರಳಿಸಿ ನೋಡಿ ಹೇಳಿದ್ದ. ಸೋಮಮ್ಮ ಕಿಟಕಿಯ ಆಚೆ ನೋಡುತ್ತಿದ್ದವಳು ತಿರುಗಿ ಗಂಡನ ಹಿಂದಲೆಯನ್ನು ಒಂದು ಗಳಿಗೆ ನೋಡಿದಳು. ಏನೋ ಹೊಳೆದಂತಾಯಿತು, ಪೂರ್ತಿ ಹೊಳೆಯಲಿಲ್ಲ.

ಗಂಡಿನ ಮನೆ ಚೊಕ್ಕವಾಗಿತ್ತು. ಹುಡುಗನ ಅಪ್ಪ ದಾಸಯ್ಯ ನಗುಮುಖದ ಆಳು. ತಾಯಿ ಪಾರ್ವತಮ್ಮ ಮಾತು ಕಡಿಮೆ, ಕಣ್ಣು ಜಾಸ್ತಿ. ಕೊಟ್ಟಿಗೆ ನೋಡಿದ್ದಾಯಿತು, ಕಣಜ ನೋಡಿದ್ದಾಯಿತು, ಎಲೆ ಹಾಕಿದರು. ಪಾರ್ವತಮ್ಮ ತಾನೇ ಬಡಿಸಲು ನಿಂತಳು. ಪಾಯಸ, ಕೋಸಂಬರಿ, ಮುದ್ದೆ, ಮೇಲೆ ಇದುಕಿದವರೆ ಸಾರು. ಸೋಮಮ್ಮನಿಗೆ ಪಾತ್ರೆಯ ಮುಚ್ಚಳ ತೆಗೆದಾಗಲೇ ಸೊಗಡು ಬಡಿಯಿತು. ಒಳ್ಳೆಯ ಕೈ ಎಂದುಕೊಂಡಳು.

ಆ ಕಡೆ ಒಂದು ಪದ್ಧತಿ ಇತ್ತು. ಎಲೆಯ ತುದಿಗೆ ಮೊದಲು ಒಂದು ಚಿಟಿಕೆ ಉಪ್ಪು ಬಡಿಸುತ್ತಾರೆ. ಅದು ಅಲ್ಲಿ ಕೂತಿರಬೇಕು, ಅಷ್ಟೆ. ಗಂಡಿನ ಮನೆಯಲ್ಲಿ ಮೊದಲ ಊಟಕ್ಕೆ ಕೂತ ಬೀಗರು ಅದನ್ನು ಮುಟ್ಟಿದರೆ ಅಡುಗೆ ಮಾಡಿದವಳ ಕೈಗೆ ಹೆಸರಿಟ್ಟ ಹಾಗೆ. ಸಿಂಧಘಟ್ಟದಲ್ಲೂ ಹಾಗೇ, ಹೊನ್ನಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎರಡು ತುತ್ತು ನುಂಗಿದವನು ಆಚೆ ಈಚೆ ನೋಡಿ, ಎಲೆಯ ತುದಿಯ ಉಪ್ಪನ್ನು ಬೆರಳಲ್ಲಿ ಎಳೆದು ಸಾರಿಗೆ ಕಲಸಿಕೊಂಡ. ಯಾರೂ ನೋಡಲಿಲ್ಲ ಎಂದುಕೊಂಡ. ಪಾರ್ವತಮ್ಮ ನೋಡಿದಳು. ಮತ್ತೆ ಎರಡು ತುತ್ತು. ಆಮೇಲೆ ಸಣ್ಣ ದನಿಯಲ್ಲಿ, "ಒಸಿ ಉಪ್ಪು ಸಿಕ್ಕೀತಾ ತಾಯಿ?" ಎಂದೇಬಿಟ್ಟ.

ಉಪ್ಪು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಕೇಳಿದ.

ಪಾರ್ವತಮ್ಮ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಣ್ಣ ಇಳಿದಿತ್ತು, ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡಳು. ಆ ನೋಟ ಸೋಮಮ್ಮನಿಗೆ ಚೆನ್ನಾಗಿ ಗೊತ್ತು. ಮೂರು ತಿಂಗಳಿಂದ ತಾನು ಒಲೆಯ ಮುಂದೆ ಕೂತು ನೋಡಿಕೊಂಡದ್ದು ಅದೇ ಥರ.

ಸೋಮಮ್ಮ ಸಾರನ್ನು ಮತ್ತೊಮ್ಮೆ ನಿಧಾನವಾಗಿ ಬಾಯಿಗಿಟ್ಟಳು. ಉಪ್ಪು ಸರಿಯಾಗಿತ್ತು. ಒಂದು ಕಲ್ಲು ಹೆಚ್ಚೇ ಇತ್ತೇನೋ. ಸಿಂಧಘಟ್ಟದ ಸಾರಿಗೂ ಉಪ್ಪಿಲ್ಲ, ನಾಗಮಂಗಲದ ಸಾರಿಗೂ ಉಪ್ಪಿಲ್ಲ. ಎರಡು ಒಲೆ, ಎರಡು ಕೈ, ಎರಡು ಊರಿನ ನೀರು. ಎರಡೂ ಕಡೆ ಒಂದೇ ಆಗಿದ್ದದ್ದು ಯಾವುದು? ಆ ಬಾಯಿ. ಮೂಗಿಗೆ ವಾಸನೆಯೇ ತಿಳಿಯುತ್ತಿಲ್ಲ ಎಂದು ಜೀಪಿನಲ್ಲಿ ಅವನೇ ಹೇಳಿದ್ದನಲ್ಲ. ಸೋಮಮ್ಮನ ಎದೆಯ ಮೇಲಿಂದ ಯಾರೋ ಬೀಸುವ ಕಲ್ಲು ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಕಣ್ಣು ತುಂಬಿಕೊಂಡಿತು, ಖಾರ ಹತ್ತಿದವಳ ಹಾಗೆ ಒರೆಸಿಕೊಂಡಳು.

ಈಗ ಹೇಳಬೇಕೋ ಬೇಡವೋ. ಗಂಡನ ಮಾನ ಒಂದು ಕಡೆ, ಆ ಹೆಂಗಸಿನ ಕೈ ಇನ್ನೊಂದು ಕಡೆ. ಬೇರೆ ದಿನವಾಗಿದ್ದರೆ ಗಂಡನ ಕಡೆಗೇ ನಿಲ್ಲುತ್ತಿದ್ದಳೇನೋ.

"ತಾಯಿ, ನೀವು ಬೇಜಾರು ಮಾಡ್ಕಬ್ಯಾಡಿ," ಎಂದಳು. "ಸಾರು ಬಂಗಾರದಂಗೆ ಅದೆ. ನಮ್ಮೆಜಮಾನ್ರು ಬರೋವಾಗ ದಾರೀಲಿ ಡೀಸೆಲ್ ಕುಡ್ಕಂಡು ಬಂದವ್ರೆ."

ಹೊನ್ನಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ದೇವರಾಜು ನೀರು ನೆತ್ತಿಗೆ ಹತ್ತಿಸಿಕೊಂಡ. ಸೋಮಮ್ಮ ದಾರಿಯ ಕತೆ ಹೇಳಿದಳು. ಅಪ್ಪನ ಕುಡಿಕೆಯ ಕತೆಯನ್ನೂ ಹೇಳಿದಳು. ಹೇಳುತ್ತಾ ಹೋದ ಹಾಗೆ ದಾಸಯ್ಯನ ಹೊಟ್ಟೆ ಕುಣಿಯತೊಡಗಿತು. ಕೊನೆಗೆ ಎಲೆಯ ಮುಂದೆಯೇ ಮೊಣಕಾಲು ತಟ್ಟಿಕೊಂಡು ನಕ್ಕ.

"ಬೀಗ್ರೆ, ಬನ್ನಿ, ನೀವು ನಮ್ಮ ಜಾತ್ಯೋರೇ. ನಾನೂ ಎರಡು ವರ್ಷ ಎಳ್ದೋನು. ಮಲ್ಲಿಗೆ ಉವ್ವ ಮೂಗಿಗೆ ತುರುಕಿದ್ರೂ ಗೊತ್ತಾಯ್ತಿರ್ಲಿಲ್ಲ."

"ಆ ಎರಡು ವರ್ಷ," ಎಂದಳು ಪಾರ್ವತಮ್ಮ. ಅವಳು ಬಾಯಿಬಿಟ್ಟದ್ದೇ ಆಗ. "ನಂಗೆ ಅಡುಗೆ ಬರಲ್ಲ ಅಂತ ನಮ್ಮತ್ತೆ ನನ್ನ ತವ್ರಿಗೆ ಮೂರು ಸಲ ಏಳಿಕಳ್ಸಿದ್ರು. ಈವಯ್ಯ ಒಂದ್ ದಿನಾನೂ, 'ಇಲ್ಲ ಕಣವ್ವ, ನನ್ನ ನಾಲ್ಗೇನೇ ಸತ್ತೋಗದೆ' ಅನ್ನಲಿಲ್ಲ."

"ನಂಗೇನು ಗೊತ್ತಿತ್ತು, ನಿನ್ನ ಕೈಯೇ ಅಂಗೆ ಅಂದ್ಕಂಡಿದ್ದೆ," ಎಂದ ದಾಸಯ್ಯ. ಪಾರ್ವತಮ್ಮ ಅವನ ಎಲೆಗೆ ಪಾಯಸ ಬಡಿಸದೆ ಮುಂದೆ ಹೋದಳು.

ಹೊರಡುವ ಹೊತ್ತಿಗೆ ತಾಂಬೂಲದ ತಟ್ಟೆ ಬಂತು. ತೆಂಗಿನಕಾಯಿ, ಬಾಳೆಹಣ್ಣು, ಎಲೆಅಡಿಕೆ, ರವಿಕೆ ಕಣ. ಅದರ ಮೇಲೆ ಇನ್ನೊಂದು ವಸ್ತು: ಎರಡು ಕಡೆ ಪೈಪು, ನಡುವೆ ಹಳೇ ಬಸ್ಸಿನ ಹಾರನ್ನಿನಂಥ ಕೆಂಪು ರಬ್ಬರಿನ ಬುಡ್ಡೆ. ಬುಡ್ಡೆಯ ಮೇಲೆ ಒಂದು ಬಾಣದ ಗುರುತು.

"ನನ್ನ ತಮ್ಮ ಮೈಸೂರಿಂದ ಎರಡು ತಂದ್ಕೊಟ್ಟಿದ್ದ. ಒಂದು ನಮ್ಗೆ ಸಾಕು," ಎಂದಳು ಪಾರ್ವತಮ್ಮ. "ಈ ತುದಿ ಟ್ಯಾಂಕಿಗೆ, ಆ ತುದಿ ಕ್ಯಾನಿಗೆ. ಬಾಣ ಕ್ಯಾನಿನ ಕಡೀಕೆ ಇರ್ಬೇಕು. ನಾಕು ಸಲ ಅಮುಕಿದ್ರೆ ಸಾಕು, ಆಮೇಲೆ ತಾನೇ ಇಳೀತದೆ. ಬಾಯಿ ಉಣ್ಣಾಕೆ ಮಡಿಕ್ಕಳ್ಳಿ ಅಂತ ಬೀಗರಿಗೆ ಏಳಿ."

ಬೀಗರಿಗೆ ಹೇಳುವುದೇನು, ಎದುರಿಗೇ ನಿಂತಿದ್ದರು. ಬೀಗರ ಮನೆಯ ತಾಂಬೂಲ ಬೇಡ ಎನ್ನುವ ಹಾಗಿಲ್ಲ. ಹೊನ್ನಪ್ಪ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ದಾರಿಯುದ್ದಕ್ಕೂ ಚಿಕ್ಕಬೋರಮ್ಮ ಆಗಾಗ ಬುಡ್ಡೆ ಅಮುಕಿ ನೋಡಿ, "ಆರನ್ ಒಡೀತಾ ಇಲ್ವಲ್ಲ ಒನ್ನಪ್ಪಣ್ಣ," ಎನ್ನುತ್ತಿದ್ದಳು.

ಇಷ್ಟಾದ ಮೇಲೆ ಹೊನ್ನಪ್ಪ ಪಂಪು ಹಿಡಿದಾನು ಎಂದು ಸೋಮಮ್ಮ ಎಣಿಸಿದ್ದಳು. ಮಾರನೆಯ ಬೆಳಿಗ್ಗೆ ಎದ್ದು ನೋಡುತ್ತಾಳೆ, ಪಂಪು ದೇವರ ಗೂಡಿನಲ್ಲಿದೆ. ಲಕ್ಷ್ಮಿಯ ಪಟದ ಪಕ್ಕದ ಮೊಳೆಗೆ ನೇತುಹಾಕಿ, ಕೆಂಪು ಬುಡ್ಡೆಗೆ ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಒಂದು ಚೆಂಡುಹೂವನ್ನೂ ಸಿಕ್ಕಿಸಿದ್ದಾನೆ. ಹೊರಗೆ ಕೊಟ್ಟಿಗೆಯಲ್ಲಿ ಕೆನ್ನೆ ಒಳಕ್ಕೆ, ಕಣ್ಣು ಹೊರಕ್ಕೆ.

"ಇದ್ಯಾಕೆ ಇಂಗೆ?"

ಹೊನ್ನಪ್ಪ ಉಗಿದು ಹೇಳಿದ. "ಬೀಗರು ತಾಂಬೂಲದಲ್ಲಿ ಕೊಟ್ಟ ವಸ್ತು. ಡೀಸೆಲ್ಲಿಗೆ ಅದ್ದಾಕಾಯ್ತದಾ? ಅವ್ರು ಶಾಸ್ತ್ರಕ್ಕೆ ಬಂದಾಗ ಮಡಿಯಾಗಿ ಕಾಣ್ಬೇಕು."

ಅದೇನೂ ನೆವವಲ್ಲ, ಅರ್ಧ ನಿಜವಾಗಿಯೂ ನಂಬಿದ್ದ. ಇನ್ನರ್ಧ ಏನೆಂದು ಸೋಮಮ್ಮನಿಗೆ ಗೊತ್ತಿತ್ತು. ನಾಲ್ಕು ಜನ ನೋಡುವಾಗ ಬುಡ್ಡೆ ಅಮುಕುತ್ತಾ ನಿಂತರೆ, ಒಂದೇ ಉಸಿರಿನ ಹೊನ್ನಪ್ಪನ ಗತಿ ಏನು? ಅವಳು ಜಗಳಕ್ಕೆ ಹೋಗಲಿಲ್ಲ. ಮೂರು ದಿನ ಪಂಪಿಗೆ ತಾನೂ ಹೂವಿಟ್ಟು ಕೈಮುಗಿದಳು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ, ಇದು ಯಾವ ದೇವರು ಎಂದು ಕೇಳಿ, ಬಾಯಿಗೆ ಸೆರಗಿಟ್ಟುಕೊಂಡು ಹೋದರು.

ನಾಲ್ಕನೆಯ ಬೆಳಿಗ್ಗೆ ಹೊನ್ನಪ್ಪ ಇನ್ನೂ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಸೋಮಮ್ಮ ಸೆರಗು ಸಿಕ್ಕಿಸಿ, ಪಂಪನ್ನು ಮೊಳೆಯಿಂದ ಇಳಿಸಿ, ನೇರ ಟ್ರಾಕ್ಟರಿನ ಹತ್ತಿರ ಹೋದಳು. ಬಾಣ ಯಾವ ಕಡೆಗಿರಬೇಕು ಎಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಚೆನ್ನಾಗಿ ನೆನಪಿದ್ದೇ ಬಾಣವನ್ನು ಟ್ಯಾಂಕಿನ ಕಡೆಗೆ ತಿರುಗಿಸಿ ಇಳಿಬಿಟ್ಟಳು. ಅಮುಕಿದಳು. ಟ್ಯಾಂಕಿನೊಳಗೆ ಗುಳುಗುಳು ಎಂದಿತು. ಕ್ಯಾನು ಖಾಲಿ. ಮತ್ತೆ ಅಮುಕಿದಳು. ಗುಳುಗುಳು. ಬೇಲಿಯಾಚೆ ಚಿಕ್ಕಬೋರಮ್ಮ ಪೊರಕೆ ನಿಲ್ಲಿಸಿ ನೋಡುತ್ತಿದ್ದಳು.

"ಏನಕ್ಕ, ಟ್ರಾಕ್ಟರಿಗೆ ಕಾಫಿ ಕಾಯಿಸ್ತಾ ಇದ್ದೀಯ?"

ಜಗಲಿಯ ಮೇಲೆ ಹೊನ್ನಪ್ಪ ಲೋಟ ಕೆಳಗಿಟ್ಟ. ಎತ್ತಿಕೊಂಡ. ಮತ್ತೆ ಇಟ್ಟ. ಕೆಲಸ ತಪ್ಪಾಗಿ ನಡೆಯುವುದನ್ನು ಕೂತು ನೋಡುವುದು ಅವನಿಂದ ಆಗದ ಮಾತು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ಗೊತ್ತಿರಬೇಡವೇ? ಐದನೇ ಗುಳುಗುಳುವಿಗೆ ಎದ್ದು ಬಂದ.

"ಕೊಡಿಲ್ಲಿ. ಬಾಣ ಯಾವ ಕಡೀಕೆ ಅದೆ ಅಂತ ನೋಡಾದಲ್ವಾ? ಗಾಳಿ ತುಂಬಾಕೆ ಇದೇನು ಸೈಕಲ್ಲಾ?"

"ಬಾಣದ ಮೇಲೇ ಕುಂಕುಮ ಇಟ್ಟಿದ್ರಲ್ಲ, ಕಾಣ್ನಿಲ್ಲ."

ಹೊನ್ನಪ್ಪ ಪಂಚೆಯ ತುದಿಯಲ್ಲಿ ಕುಂಕುಮ ಒರೆಸಿದ. ತಿರುಗಿಸಿ ಬಿಟ್ಟ. ನಾಲ್ಕು ಸಲ ಅಮುಕಿದ. ಐದನೆಯದು ಬೇಕಾಗಲಿಲ್ಲ, ಡೀಸೆಲ್ಲು ಸದ್ದಿಲ್ಲದೆ ತಾನೇ ತಾನಾಗಿ ಇಳಿಯತೊಡಗಿತು. ಅವನು ಬುಡ್ಡೆಯನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ನಿಂತು ನೋಡಿದ. ಕೆನ್ನೆ ಒಳಗೆ ಹೋಗಿರಲಿಲ್ಲ, ಕಣ್ಣು ಹೊರಗೆ ಬಂದಿರಲಿಲ್ಲ. ಒಂದು ಕೆಲಸವೂ ಮಾಡದೆ ಕ್ಯಾನು ತುಂಬಿತು.

"ಇದ್ರಲ್ಲಿ ಏನ್ ಗಂಡಸ್ತನ ಅದೆ," ಎಂದ ಬೇಸರದಿಂದ.

"ಇಲ್ಲ ಕಣ್ರೀ, ಇರೋ ಗಂಡಸ್ತನ ಉಣ್ಣಾಕೆ ಮಡಿಕ್ಕಳ್ಳಿ," ಎಂದು ಸೋಮಮ್ಮ ಒಳಗೆ ಹೋದಳು.

ಅಲ್ಲಿಂದ ಮುಂದೆ ಪಂಪು ದೇವರ ಗೂಡಿಗೆ ಮರಳಲಿಲ್ಲ. ಹಸಿರು ಪೈಪಿನ ಗೂಟಕ್ಕೇ ನೇತುಬಿತ್ತು. ಎರಡು ದಿನ ಕದ್ದುಮುಚ್ಚಿ ಅಮುಕಿದ ಹೊನ್ನಪ್ಪ, ಮೂರನೆಯ ದಿನ ಇಂಜಿನ್ನಿನ ಮೂವರನ್ನೂ ಕರೆದು, "ಬಾಣ ನೋಡ್ಬೇಕು ಕಣ್ಲಾ, ಬಾಣ ಮುಖ್ಯ," ಎಂದು ಪಾಠ ಹೇಳತೊಡಗಿದ. ಒಂದು ವಾರಕ್ಕೆ ಪಂಪನ್ನು ತಾನೇ ಕಂಡುಹಿಡಿದವನ ಹಾಗೆ ಮಾತಾಡುತ್ತಿದ್ದ.

ಆದರೆ ಊಟಕ್ಕೆ ಕೂತರೆ ಅದೇ ಮಾತು, ಸಪ್ಪೆ. ಒಂದು ವಾರ ಹೋಯಿತು, ಎರಡು ವಾರ, ಮೂರು. ಪಾಂಡವಪುರದವರು ಪಾತ್ರೆಯ ಲೆಕ್ಕ ಕೇಳಿ ಹೇಳಿಕಳುಹಿಸಿದರು. ಸೋಮಮ್ಮ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ದಿನಾ ಅಪ್ಪನ ಕುಡಿಕೆಗೆ ಎಂದಿನಂತೆ ಉಪ್ಪು ಸುರಿಯುತ್ತಾ, ಎಂದಿನಂತೆ ಬಡಿಸುತ್ತಾ, ಗಂಡನ ಮುಖವನ್ನು ಮಾತ್ರ ಎಂದಿಗಿಂತ ಹೆಚ್ಚು ನೋಡುತ್ತಾ ಕಾದಳು.

ಸಂಕ್ರಾಂತಿಯ ದಿನ. ಒಲೆಯ ಮೇಲೆ ಅವರೆಕಾಯಿ ಬೇಯುತ್ತಿತ್ತು. ದನಗಳ ಮೈ ತೊಳೆದು ಬಂದ ಹೊನ್ನಪ್ಪ ನಡುಮನೆಯ ಬಾಗಿಲಲ್ಲಿ ಥಟ್ಟನೆ ನಿಂತ. ಮೂಗು ಒಮ್ಮೆ ಎತ್ತಿದ, ಇನ್ನೊಮ್ಮೆ ಎತ್ತಿದ. ನೆಂಟರನ್ನು ಬಹಳ ದಿನದ ಮೇಲೆ ಕಂಡವನ ಹಾಗೆ ಅವನ ಮುಖ ಬಿಚ್ಚಿಕೊಂಡಿತು.

"ಲೇ, ಅವರೆಕಾಯಿ ಸೊಗಡು."

"ಊಂ. ಬೆಳಗಿಂದ ಬೇಯ್ತಾ ಅದೆ."

ಎಲೆ ಹಾಕಿದಳು. ಅಪ್ಪನ ಕುಡಿಕೆಯಿಂದಲೇ ಸಾರು ಬಡಿಸಿದಳು. ಹೊನ್ನಪ್ಪ ಒಂದು ತುತ್ತು ಬಾಯಿಗಿಟ್ಟ. ನುಂಗಲಿಲ್ಲ, ಉಗಿಯಲೂ ಇಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಚೊಂಬಿಗೆ ಕೈ ಹಾಕಿದ.

"ಇದೇನೇ ಇದು, ಬರೀ ಉಪ್ಪು. ಮನುಷ್ಯರು ಉಣ್ತಾರಾ ಇದ್ನ?"

ಸಾರಿನ ಬಗ್ಗೆ ಅವನು ಅಷ್ಟು ಕೆಟ್ಟ ಮಾತು ಹಿಂದೆಂದೂ ಆಡಿರಲಿಲ್ಲ. ಸೋಮಮ್ಮನಿಗೆ ಮದುವೆಯಾದಾಗಿನಿಂದ ಕೇಳಿದ ಮಾತುಗಳಲ್ಲೆಲ್ಲ ಇದೇ ಸಿಹಿ ಎನಿಸಿತು. ಪವಿತ್ರ ಗೋಡೆಗೆ ಒರಗಿಕೊಂಡು ನಗುತ್ತಿದ್ದಳು.

"ನಾಕು ತಿಂಗಳಿಂದ ಉಂಡಿದ್ದು ಇದ್ನೇ ಕಣಪ್ಪ."

ಸೋಮಮ್ಮ ಆ ಎಲೆ ತೆಗೆದು ಬೇರೆ ಹಾಕಿ, ದೊಡ್ಡ ಪಾತ್ರೆಯಿಂದ ಬಡಿಸಿದಳು. ಹೊನ್ನಪ್ಪ ಉಂಡ. ತಲೆ ತಗ್ಗಿಸಿಕೊಂಡೇ ಉಂಡ. ಏಳುವಾಗ ಯಾರ ಮುಖವನ್ನೂ ನೋಡದೆ, "ಪಾಂಡವಪುರದೋರಿಗೆ ಬ್ಯಾಡ ಅಂತ ಏಳಿಕಳಿಸ್ತೀನಿ. ಅವ್ರ ಮೇಲೆ ನಂಗೆ ಮೊದ್ಲಿಂದ್ಲೂ ನಂಬ್ಕೆ ಇರ್ನಿಲ್ಲ," ಎಂದು ಕೈತೊಳೆಯಲು ಹೋದ.

ವೀಳ್ಯಶಾಸ್ತ್ರದ ದಿನ ಗಂಡಿನ ಕಡೆಯವರು ನಲವತ್ತಲ್ಲ, ಐವತ್ತೆರಡು ಜನ ಬಸ್ಸು ಮಾಡಿಕೊಂಡು ಬಂದರು. ಹಿಂದಿನ ದಿನವೆಲ್ಲ ಬೀದಿಯ ಹೆಂಗಸರು ಸೇರಿ ಕಾಳು ಹಿಸುಕಿದ್ದರು. ಒಲೆಯ ಮುಂದೆ ಮಾತ್ರ ಸೋಮಮ್ಮ ಯಾರನ್ನೂ ಬಿಡಲಿಲ್ಲ. ರೇಷ್ಮೆ ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಎಲೆ ಹಾಕಿ, ತುದಿಗೆ ಒಂದೊಂದು ಚಿಟಿಕೆ ಉಪ್ಪಿಟ್ಟು, ಸಾರು ಬಡಿಸುತ್ತಾ ಪಾರ್ವತಮ್ಮನ ಎಲೆಯ ಹತ್ತಿರ ಬಂದಾಗ ಸಾರನ್ನು ತಳದಿಂದ ಇನ್ನೊಮ್ಮೆ ತಿರುವಿ ಬಡಿಸಿದಳು.

ಪಾರ್ವತಮ್ಮ ಒಂದು ತುತ್ತು ಉಂಡಳು. ಎರಡು ತುತ್ತು ಉಂಡಳು. ಮುಖದಲ್ಲಿ ಏನೂ ಇಲ್ಲ. ಆಮೇಲೆ ತಲೆ ಎತ್ತಿ, ನಾಲ್ಕು ಜನಕ್ಕೆ ಕೇಳುವ ಹಾಗೆ, "ಬೀಗಿತ್ತಿ, ಒಸಿ ಉಪ್ಪು ಸಿಕ್ಕೀತಾ?" ಎಂದಳು.

ಸಾಲಿನಲ್ಲಿ ಎಲ್ಲರ ಕೈ ನಿಂತವು. ಸೋಮಮ್ಮನ ಸೌಟೂ ನಿಂತಿತು. ಗಂಡಸರ ಸಾಲಿನಿಂದ ಹೊನ್ನಪ್ಪನ ದನಿ ಬಂತು.

"ಬೀಗಿತ್ತಿ, ನಿಮ್ಮ ಬಸ್ಸಿಗೂ ದಾರೀಲಿ ಡೀಸೆಲ್ ಮುಗೀತಾ?"

ಮೊದಲು ದಾಸಯ್ಯ ನಕ್ಕ, ಆಮೇಲೆ ಚಪ್ಪರವೇ ನಕ್ಕಿತು. ಪಾರ್ವತಮ್ಮ ನಗಲಿಲ್ಲ, ಎಲೆಯ ತುದಿಯ ಉಪ್ಪು ಇಟ್ಟ ಹಾಗೇ ಇತ್ತು, ಅದನ್ನು ಬೆರಳಲ್ಲಿ ತೋರಿಸಿದಳು. ಸೋಮಮ್ಮ ಅನ್ನದ ಬುಟ್ಟಿಗೆ ಕೈ ಹಾಕಿದಾಗ ಬೇಡ ಎಂದು ತಲೆಯಾಡಿಸಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಎಲೆಯ ಮೇಲೆ ಜಾಗ ಮಾಡಿಕೊಂಡು, ಎರಡನೇ ಮುದ್ದೆ ಇಡಿಸಿಕೊಂಡಳು.